ಮಕ್ಕಳಾಗಲು ಹೊಸ ಔಷಧದ ಟ್ರಯಲ್: ಸೇರುವ ಮುಂಚೆ ಏನೇನು ನೋಡಬೇಕು?

“ಸಹಿ ಎಲ್ಲಿ ಮಾಡಬೇಕ್ರೀ?”

ಮಕ್ಕಳಾಗದವರಿಗೆ ಹೊಸ ಔಷಧದ ಟ್ರಯಲ್ (ಔಷಧವನ್ನು ಜನರಲ್ಲಿ ಪರೀಕ್ಷಿಸಿ ನೋಡುವ ಅಧ್ಯಯನ) ನಡೆದಿದೆ ಅಂತ ಕೇಳಿ ಬಂದವರ ಮೊದಲ ಪ್ರಶ್ನೆ ಇದೇ. ಬೆಳಗಾವಿಯಲ್ಲಿ ಇಂಥ ಅಧ್ಯಯನಗಳ ಕೋಆರ್ಡಿನೇಟರ್ ಆಗಿರುವ ನನಗೆ ಇದನ್ನು ಕೇಳಿ ಕೇಳಿ ಸಾಕಾಗಿದೆ. ಗೋಕಾಕ, ಜಮಖಂಡಿ, ಇಂಡಿ ಕಡೆಯಿಂದ ನಸುಕಿನಲ್ಲೇ ಬಸ್ ಹತ್ತಿ ಬಂದಿರುತ್ತಾರೆ. ಅತ್ತೆಯ ಮಾತು, ಓಣಿಯವರ ಮಾತು, ಸವದತ್ತಿ ಎಲ್ಲಮ್ಮನ ಹರಕೆ ಎಲ್ಲಾ ಆಗಿರುತ್ತದೆ. ಅವಸರ ಸಹಜ. ಆದರೆ ಸಮ್ಮತಿ ಪತ್ರ ಓದದೆ ಸಹಿ ಹಾಕಿದವರೇ ಮುಂದೆ ನಡುವೆ ಬಿಟ್ಟು ಹೋಗುವುದು ಜಾಸ್ತಿ.

1. ಅದು ನಿಜಕ್ಕೂ ಟ್ರಯಲ್ ಹೌದೋ ಅಲ್ಲವೋ ನೋಡಿ

ಕೇಳಬೇಕಾದ್ದು ಇಷ್ಟೇ: “ಸಿಟಿಆರ್‌ಐ ನಂಬರ್ ಎಷ್ಟ್ರೀ?” ಭಾರತದಲ್ಲಿ ನಡೆಯುವ ಟ್ರಯಲ್‌ಗಳನ್ನು ನೋಂದಾಯಿಸುವ ಸರ್ಕಾರಿ ಪಟ್ಟಿ ಇದು. 2007ರಲ್ಲಿ ಶುರುವಾಯಿತು, 2009ರ ಜೂನ್ 15ರಿಂದ ನೋಂದಣಿ ಕಡ್ಡಾಯ. ನಂಬರಿನಲ್ಲಿ ಸಿಟಿಆರ್‌ಐ ಎಂಬ ಅಕ್ಷರ, ವರ್ಷ, ತಿಂಗಳು, ಕೊನೆಗೆ 6 ಅಂಕಿ ಇರುತ್ತವೆ. ಮೊಬೈಲಿನಲ್ಲಿ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಇಂಗ್ಲಿಷಿನಲ್ಲಿದೆ, ಹಾಗಾಗಿ ಮನೆಯಲ್ಲಿ ಕಾಲೇಜಿಗೆ ಹೋಗುವವರಿದ್ದರೆ ಅವರನ್ನು ಕೂರಿಸಿಕೊಳ್ಳಿ. ನೀವು ಹೋದ ಆಸ್ಪತ್ರೆಯ ಹೆಸರು ಅದರಲ್ಲಿ ಇದೆಯಾ, ಟ್ರಯಲ್‌ಗೆ ಸೇರುವವರ ಹಿತ ಕಾಯುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ಆಗಿದೆಯಾ ನೋಡಿ.

“ನಂಬರ್ ಇನ್ನೂ ಬಂದಿಲ್ಲ, ಆದರೂ ಶುರು ಮಾಡೋಣ, ಇಷ್ಟು ದುಡ್ಡು ಕಟ್ಟಿ” ಅಂದರೆ ಎದ್ದು ಬನ್ನಿ. ಸಂಶೋಧನೆಗಾಗಿಯೇ ಮಾಡುವ ಪರೀಕ್ಷೆ, ಔಷಧಗಳ ಖರ್ಚನ್ನು ರೋಗಿಯಿಂದ ವಸೂಲಿ ಮಾಡಬಾರದು. ಅಂಡಾಶಯಕ್ಕೆ ಸ್ಟೆಮ್ ಸೆಲ್ (ಬೇರೆ ಬೇರೆ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ) ಚುಚ್ಚುತ್ತೇವೆ, ನಿಮ್ಮದೇ ರಕ್ತದಿಂದ ತೆಗೆದ ಪಿಆರ್‌ಪಿ (ಪ್ಲೇಟ್‌ಲೆಟ್ ಹೆಚ್ಚಿರುವ ದ್ರವ) ಹಾಕುತ್ತೇವೆ ಅಂತ ಬೋರ್ಡ್ ಹಾಕಿ ಸಾವಿರಗಟ್ಟಲೆ ಕೀಳುವವರಿದ್ದಾರೆ. ಅದು ಟ್ರಯಲ್ ಅಲ್ಲ, ವ್ಯಾಪಾರ. ಇಂಥದ್ದಕ್ಕೆ ಸ್ಟೆಮ್ ಸೆಲ್ ಅನ್ನು ಟ್ರಯಲ್‌ನ ಹೊರಗೆ ಬಳಸಕೂಡದು ಅಂತ ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ 2017ರ ಮಾರ್ಗಸೂಚಿಯೇ ಹೇಳುತ್ತದೆ.

2. ಹಳೆ ಫೈಲ್ ಪೂರ್ತಿ ತನ್ನಿ, ಗಂಡನನ್ನೂ ಕರೆತನ್ನಿ

ಸ್ಕ್ಯಾನ್, ರಕ್ತದ ರಿಪೋರ್ಟ್, ಗರ್ಭನಾಳದ ಟ್ಯೂಬ್ ಟೆಸ್ಟಿನ ಫಿಲ್ಮ್, ಖಾಲಿ ಗುಳಿಗೆ ಪಟ್ಟಿ ಸಹಿತ ಎಲ್ಲವೂ ಬೇಕು. ಗಂಡನ ವೀರ್ಯ ಪರೀಕ್ಷೆ ಆಗದೆ ಹೆಂಡತಿಯನ್ನು ಟ್ರಯಲ್‌ಗೆ ಹಚ್ಚುವ ಮಾತೇ ಬೇಡ. ಪರೀಕ್ಷೆಗೆ ಮುಂಚೆ 2ರಿಂದ 7 ದಿನ ವೀರ್ಯಸ್ಖಲನ ಆಗಿರಬಾರದು, ಅಷ್ಟೇ ಪಥ್ಯ. ಶಕ್ತಿ ಯೋಜನೆಯಿಂದ ಹೆಂಡತಿಗೆ ಬಸ್ ಪುಕ್ಕಟೆ, ಗಂಡನಿಗೆ ಟಿಕೆಟ್ ಆಗುತ್ತದೆ ಅಂತ ಒಬ್ಬಳನ್ನೇ ಕಳಿಸಿದವರನ್ನೂ ಕಂಡಿದ್ದೇನೆ.

ನಾಟಿ ಔಷಧ, ಮೆಡಿಕಲ್ ಅಂಗಡಿಯ ಪುಡಿ ಏನೇ ತಗೊಂಡಿದ್ದರೂ ಮುಚ್ಚಿಡಬೇಡಿ. ಡಾಕ್ಟರ್ ಬೈತಾರೆ ಅಂತ ಸುಮ್ನೆ ಇದ್ದರೆ ಎರಡು ಔಷಧ ಹೊಟ್ಟೆಯಲ್ಲಿ ಸೇರಿ ಯಾವುದರ ಗುಣ, ಯಾವುದರ ದೋಷ ಅಂತ ಯಾರಿಗೂ ತಿಳಿಯುವುದಿಲ್ಲ. ಗಂಡಸರ ಶಕ್ತಿ ಹೆಚ್ಚಿಸುತ್ತದೆ ಅಂತ ಮಾರುವ ಜಿಂಕ್, ಫೋಲಿಕ್ ಆಸಿಡ್ ಡಬ್ಬಿಗಳ ಬಗ್ಗೆ ಒಂದು ಮಾತು. ಅಮೆರಿಕದಲ್ಲಿ 2370 ದಂಪತಿಗಳ ಮೇಲೆ ಅದನ್ನು ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಡಬ್ಬಿ ತಗೊಂಡವರಲ್ಲಿ 100ಕ್ಕೆ 34 ದಂಪತಿಗೆ ಮಗು ಆಯಿತು, ಹುಸಿ ಗುಳಿಗೆ (ಔಷಧವಿಲ್ಲದ, ನೋಡಲು ಅದೇ ಥರದ ಗುಳಿಗೆ) ತಗೊಂಡವರಲ್ಲಿ 35. ಆ ದುಡ್ಡಿಗೆ ಹಾಲು, ಮೊಟ್ಟೆ ತನ್ನಿ.

3. ಸಮ್ಮತಿ ಪತ್ರ: ಇಲ್ಲೇ ಎಲ್ಲರೂ ಎಡವುವುದು

ಈ ಕಾಗದ ಪುಟಗಟ್ಟಲೆ ಇರುತ್ತದೆ. ನಾವು ಓದಿ ಹೇಳುತ್ತೇವೆ, ಎದುರಿಗಿದ್ದವರು ತಲೆ ಆಡಿಸುತ್ತಾರೆ. ಕೊನೆಗೆ “ಏನು ತಿಳೀತು ಹೇಳ್ರಿ ಅಕ್ಕಾರ” ಅಂದರೆ ಬರುವ ಉತ್ತರ: “ಹೊಸ ಗುಳಿಗಿ ಕೊಡ್ತಾರ್ರೀ, ಕೂಸು ಆಗ್ತೈತ್ರೀ.” ಎರಡೂ ಮಾತು ತಪ್ಪು.

ಮೊದಲನೆಯದು, ಹೊಸ ಗುಳಿಗೆ ನಿಮಗೇ ಸಿಗುತ್ತದೆ ಅಂತಿಲ್ಲ. ಹೆಚ್ಚಿನ ಟ್ರಯಲ್‌ಗಳಲ್ಲಿ ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ನಿಮ್ಮನ್ನು ಒಂದು ಗುಂಪಿಗೆ ಹಾಕುತ್ತದೆ. ಒಂದು ಗುಂಪಿಗೆ ಹೊಸದು, ಇನ್ನೊಂದಕ್ಕೆ ಈಗಾಗಲೇ ಬಳಕೆಯಲ್ಲಿರುವುದು ಅಥವಾ ಹುಸಿ ಗುಳಿಗೆ. ಡಬ್ಬಿ ಒಂದೇ ಥರ, ಗುಳಿಗೆಯ ಬಣ್ಣವೂ ಒಂದೇ, ಮೇಲೆ ನಂಬರ್ ಮಾತ್ರ. ಎಷ್ಟೋ ಸಲ ಡಾಕ್ಟರಿಗೂ ಗೊತ್ತಿರುವುದಿಲ್ಲ. “ನಮ್ಮ ಪೈಕಿಯವರು, ಚಲೋದು ಹಾಕ್ರಿ” ಅಂತ ಶಿಫಾರಸು ಹಿಡಿದು ಬರಬೇಡಿ, ನಡೆಯುವುದಿಲ್ಲ.

ಹೀಗೆ ಯಾಕೆ? ಹಿಂದೆ ಗರ್ಭಕೋಶದ ಒಳಪದರವನ್ನು ಸಣ್ಣಗೆ ಕೆರೆದರೆ ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಫಲಿಸುತ್ತದೆ ಅಂತ ಊರೂರಲ್ಲಿ ಮಾಡುತ್ತಿದ್ದರು. 1364 ಹೆಂಗಸರನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನ 2019ರಲ್ಲಿ ಬಂತು. ಕೆರೆದವರಲ್ಲಿ ಶೇ. 26.1 ಮಂದಿಗೆ ಮಗು, ಕೆರೆಯದವರಲ್ಲೂ ಶೇ. 26.1. ಇನ್ನೊಂದು ಕಡೆ, ಸ್ತನ ಕ್ಯಾನ್ಸರಿಗೆ ಕೊಡುವ ಲೆಟ್ರೊಜೋಲ್ ಗುಳಿಗೆಯನ್ನು ಪಿಸಿಒಎಸ್ (ಹಾರ್ಮೋನ್ ಏರುಪೇರಾಗಿ ಅಂಡ ಸರಿಯಾಗಿ ಬಿಡುಗಡೆಯಾಗದ ತೊಂದರೆ) ಇರುವ 750 ಹೆಂಗಸರಲ್ಲಿ ಹಳೆಯ ಕ್ಲೋಮಿಫೀನ್ ಗುಳಿಗೆ ಜೊತೆ ಹೋಲಿಸಿದರು. 2014ರ ಫಲಿತಾಂಶ: ಹೊಸದು ತಗೊಂಡವರಲ್ಲಿ ಶೇ. 27.5 ಮಂದಿಗೆ ಮಗು, ಹಳೆಯದು ತಗೊಂಡವರಲ್ಲಿ ಶೇ. 19.1. ನಮ್ಮ ದೇಶದಲ್ಲಿ 2011ರಲ್ಲಿ ಮಕ್ಕಳಾಗುವ ಚಿಕಿತ್ಸೆಗೆ ಇದನ್ನು ನಿಷೇಧಿಸಿದ್ದರು, 2017ರಲ್ಲಿ ನಿಷೇಧ ತೆಗೆದರು. ಈಗ ಪಿಸಿಒಎಸ್‌ಗೆ ಡಾಕ್ಟರು ಮೊದಲು ಬರೆಯುವ ಗುಳಿಗೆಗಳಲ್ಲಿ ಇದೂ ಒಂದು. ಗುಂಪು ಮಾಡಿ ನೋಡದಿದ್ದರೆ ಎರಡರಲ್ಲಿ ಯಾವುದು ಚಲೋ ಅಂತ ಹೇಳುವುದು ಹೇಗೆ?

ಎರಡನೆಯದು, “ಕೂಸು ಆಗ್ತೈತಿ” ಅನ್ನುವುದು. ಇದನ್ನು ಯಾರೂ ಬರೆದುಕೊಡುವುದಿಲ್ಲ. ಬದಲಿಗೆ ಹೀಗೆ ಕೇಳಿ: “ಈ ಅಧ್ಯಯನದಲ್ಲಿ ಕೊನೆಗೆ ಏನು ಎಣಿಸುತ್ತೀರಿ?” ಕೆಲವರು ಅಂಡ ಎಷ್ಟು ಬೆಳೆಯಿತು ಅಂತ ಎಣಿಸುತ್ತಾರೆ. ಕೆಲವರು ಪ್ರೆಗ್ನೆನ್ಸಿ ಟೆಸ್ಟ್ ಪಾಸಿಟಿವ್ ಆದದ್ದನ್ನು, ಇನ್ನು ಕೆಲವರು ಜೀವಂತ ಮಗು ಹುಟ್ಟಿದ್ದನ್ನು. ಟೆಸ್ಟ್ ಪಾಸಿಟಿವ್ ಆಗಿ ಮುಂದೆ ಗರ್ಭ ನಿಲ್ಲದವರು ಎಷ್ಟೋ ಮಂದಿ. ನನ್ನನ್ನು ಕೇಳಿದರೆ, ಜೀವಂತ ಹೆರಿಗೆಯನ್ನು ಎಣಿಸುವ ಟ್ರಯಲ್‌ಗೇ ಮೊದಲು ಸೇರಿ. ಸಿಟಿಆರ್‌ಐ ಪುಟದಲ್ಲೂ ಇದು ಬರೆದಿರುತ್ತದೆ.

ಇನ್ನು ತೊಂದರೆಯಾದರೆ? ಹೊಸ ಔಷಧದ ಟ್ರಯಲ್‌ಗಳಿಗೆ 2019ರ ಕೇಂದ್ರ ನಿಯಮಗಳಿವೆ. ಟ್ರಯಲ್‌ನಿಂದ ಪೆಟ್ಟಾದರೆ ಚಿಕಿತ್ಸೆ ಪುಕ್ಕಟೆ, ಪರಿಹಾರವೂ ಸಿಗಬೇಕು. ತಂದೆ ಅಥವಾ ತಾಯಿ ಟ್ರಯಲ್‌ನಲ್ಲಿದ್ದ ಕಾರಣಕ್ಕೆ ಹೊಟ್ಟೆಯಲ್ಲಿರುವ ಕೂಸಿಗೆ ತೊಂದರೆಯಾದರೂ ಇದು ಅನ್ವಯ. ಮಕ್ಕಳಿಗಾಗಿ ಸೇರುವವರು ಈ ಸಾಲು ಪತ್ರದಲ್ಲಿ ಇದೆಯಾ ಅಂತ ಬೆರಳಿಟ್ಟು ನೋಡಬೇಕು.

ಪತ್ರ ನಿಮಗೆ ತಿಳಿಯುವ ಭಾಷೆಯಲ್ಲಿರಬೇಕು. ನಿಪ್ಪಾಣಿ, ಖಾನಾಪುರ ಕಡೆಯವರು ಮರಾಠಿಯಲ್ಲಿ ಕೇಳಿದರೆ ತಪ್ಪೇನಿಲ್ಲ. ಓದಲು ಬಾರದವರಿಗೆ ಆಸ್ಪತ್ರೆಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಪಕ್ಕದಲ್ಲಿದ್ದು ಪೂರ್ತಿ ಕೇಳಿಸಿಕೊಂಡು ಸಹಿ ಹಾಕಬೇಕು. ಸುಮ್ನೆ ಹೆಬ್ಬೆಟ್ಟು ಒತ್ತಿಸಿಕೊಂಡು ಕಳಿಸಿದರೆ ಆಗುವುದಿಲ್ಲ. ಹೆಂಡತಿಯನ್ನು ಸ್ವಲ್ಪ ಹೊತ್ತು ಒಬ್ಬಳನ್ನೇ ಕೂರಿಸಿ ಮಾತಾಡಿ ಅಂತ ನಾನು ಡಾಕ್ಟರಿಗೂ ಹೇಳುತ್ತೇನೆ. ಅತ್ತೆ ಪಕ್ಕದಲ್ಲಿದ್ದರೆ ಯಾವ ಸೊಸೆ “ನನಗೆ ಬ್ಯಾಡ್ರೀ” ಅಂತಾಳೆ?

ಅದೇ ದಿನ ಸಹಿ ಹಾಕಬೇಡಿ. ಕಾಗದ ಮನೆಗೆ ಒಯ್ಯಿರಿ. ಸಹಿ ಹಾಕಿದ ಮೇಲೆ ಒಂದು ಪ್ರತಿ ಕೇಳಿ ಪಡೆಯಿರಿ. ಎಥಿಕ್ಸ್ ಕಮಿಟಿಯ ಫೋನ್ ನಂಬರ್ ಅದರಲ್ಲೇ ಇರುತ್ತದೆ. ಯಾವಾಗ ಬೇಕಾದರೂ ಹೊರಗೆ ಬರಬಹುದು, ಅದಕ್ಕಾಗಿ ನಿಮ್ಮ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ.

“ನಮ್ಮನ್ನ ಇಲಿ ಮಾಡ್ತೀರೇನ್ರಿ ಮೇಡಂ?” ಅಂತ ಕೇಳುವವರಿಗೆ ನಾನು ಬೆಳಗಾವಿ ಜಿಲ್ಲೆಯ ಹಳ್ಳಿಗಳ ಕತೆ ಹೇಳುತ್ತೇನೆ. ಹೆರಿಗೆಯ ನಂತರ ರಕ್ತ ಹೋಗುವುದನ್ನು ತಡೆಯಲು ಮಿಸೊಪ್ರೊಸ್ಟಾಲ್ ಗುಳಿಗೆ ಕೆಲಸಕ್ಕೆ ಬರುತ್ತದೆಯೇ ಅಂತ ಇಲ್ಲಿನ 1620 ತಾಯಂದಿರಲ್ಲಿ ನೋಡಿದರು. ಹುಸಿ ಗುಳಿಗೆ ನುಂಗಿದವರಲ್ಲಿ ಶೇ. 12ರಷ್ಟು ಮಂದಿಗೆ ಅತಿ ರಕ್ತಸ್ರಾವ ಆಗಿತ್ತು, ಔಷಧ ನುಂಗಿದವರಲ್ಲಿ ಅದು ಶೇ. 6.4ಕ್ಕೆ ಇಳಿಯಿತು. 2006ರಲ್ಲಿ ಪ್ರಕಟವಾದ ಆ ಫಲಿತಾಂಶವನ್ನು ಜಗತ್ತೇ ಓದಿತು.

4. ಕ್ಯಾಲೆಂಡರ್ ಹಿಡಿದು ಕೂರಿ

ಭೇಟಿಗಳೆಲ್ಲಾ ಮುಟ್ಟಿನ ದಿನದ ಲೆಕ್ಕದಲ್ಲಿ ಇರುತ್ತವೆ. ಕಬ್ಬು ಕಡಿಯುವ ಕಾಲ, ಬನಶಂಕರಿ ಜಾತ್ರೆ, ತವರಿನ ಮದುವೆ ಯಾವಾಗ ಅಂತ ಮೊದಲೇ ಹೇಳಿ. ಬಸ್ ಖರ್ಚು ಕೊಡುತ್ತಾರಾ ಕೇಳಿ. ನಾಚಿಕೆ ಬೇಡ.

5. ಗುಳಿಗೆ ಶುರುವಾದ ಮೇಲೆ

ಕೊಟ್ಟ ಡೈರಿಯಲ್ಲಿ ಅಂದಂದೇ ಬರೆಯಿರಿ, ಭೇಟಿಯ ಹಿಂದಿನ ರಾತ್ರಿ ಒಂದೇ ಪೆನ್ನಿನಲ್ಲಿ ತುಂಬಿದ್ದು ನಮಗೆ ನೋಡಿದರೇ ಗೊತ್ತಾಗುತ್ತದೆ. ಗುಳಿಗೆ ತಪ್ಪಿದರೆ ತಪ್ಪಿತು ಅಂತಲೇ ಬರೆಯಿರಿ. ಉಳಿದದ್ದನ್ನು ಡಬ್ಬಿ ಸಹಿತ ತಿರುಗಿ ತನ್ನಿ, ಅತ್ತಿಗೆಗೆ ಕೊಟ್ಟು ಬರಬೇಡಿ. ಹೊಟ್ಟೆ ಉಬ್ಬುವುದು, ಉಸಿರು ಕಟ್ಟುವುದು, ಜೋರು ನೋವು ಆದರೆ ಮುಂದಿನ ಭೇಟಿವರೆಗೆ ಕಾಯದೆ ಆ ಕ್ಷಣವೇ ಫೋನ್ ಮಾಡಿ. ಗಂಭೀರ ತೊಂದರೆಯನ್ನು ಡಾಕ್ಟರು 24 ಗಂಟೆಯೊಳಗೆ ಮೇಲಿನವರಿಗೆ ತಿಳಿಸಬೇಕು.

ನಿಮಗೆ ಸಿಕ್ಕಿದ್ದು ಹೊಸದೋ ಹಳೆಯದೋ ಅನ್ನುವುದು ಸಾಮಾನ್ಯವಾಗಿ ಎಲ್ಲರ ಸರದಿ ಮುಗಿದ ಮೇಲೆಯೇ ತಿಳಿಯುವುದು. ಅದಕ್ಕೆ ವರ್ಷಗಳೂ ಹಿಡಿಯಬಹುದು. ನಡುವೆ ಸಿಮ್ ಬದಲಿಸಿದರೆ ಹೊಸ ನಂಬರ್ ನಮಗೆ ಬರೆಸಿ ಹೋಗಿ.