ಅಟ್ಟದಿಂದ ಇಳಿಸಿದ ಕ್ಯಾಸೆಟ್ಟು ಮತ್ತು ಒಂದು ಜೊತೆ ಶೂ

ನಮ್ಮ ಮನೆಯಲ್ಲಿ ಮೂವತ್ತೈದು ವರ್ಷಕ್ಕೂ ಜಾಸ್ತಿ ಕಾಲ ತೀರ್ಮಾನವಾಗದೆ ಉಳಿದ ಜಗಳ ಒಂದಿತ್ತು. ಒಂದು ಸಿನಿಮಾದ ಹುಡುಗಿ ಹಾಕಿಕೊಂಡಿದ್ದ ಶೂ ಯಾವ ಬಣ್ಣದ್ದು ಅಂತ. ನಾನು ಹಸಿರು ಅನ್ನುತ್ತಿದ್ದೆ, ತಂಗಿ ಬೆಳ್ಳಿ ಅನ್ನುತ್ತಿದ್ದಳು. ನಾವಿಬ್ಬರೂ ಆ ಸಿನಿಮಾ ನೋಡಿದ್ದು ಕಪ್ಪು-ಬಿಳುಪು ಟಿವಿಯಲ್ಲಿ.

1988ರ ಮಾತು. ಊರು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮೇಗರವಳ್ಳಿಯ ಹತ್ತಿರ. ಮಸ್ಕತ್‌ನಲ್ಲಿದ್ದ ಚಿಕ್ಕಪ್ಪ ರಜೆಗೆ ಬಂದಾಗ ಮಕ್ಕಳಿಗೆ ಅಂತ ಒಂದು ವಿಎಚ್‌ಎಸ್ ವಿಡಿಯೋ ಕ್ಯಾಸೆಟ್ ತಂದರು. ‘ದಿ ವಿಝರ್ಡ್ ಆಫ್ ಓಝ್’. ಕ್ಯಾಸೆಟ್ ಬಂತು, ಹಾಕಲು ವಿಸಿಆರ್ ಇಲ್ಲ. ತೀರ್ಥಹಳ್ಳಿಯಲ್ಲಿ ಒಂದು ರಾತ್ರಿಗೆ ವಿಸಿಆರ್ ಮತ್ತು ಕಲರ್ ಟಿವಿ ಜೋಡಿಯಾಗಿ ಬಾಡಿಗೆಗೆ ಕೊಡುತ್ತಿದ್ದರು. ಅಪ್ಪ ವಿಸಿಆರ್ ಮಾತ್ರ ತಂದರು. ‘ಟಿವಿ ನಮ್ಮನೇಲೇ ಇದೆಯಲ್ಲ, ಅದಕ್ಕೆ ಬೇರೆ ಯಾಕೆ ದುಡ್ಡು?’

ಮೊದಲು ದೊಡ್ಡವರಿಗಾಗಿ ಎರಡು ಕನ್ನಡ ಸಿನಿಮಾ. ನಮ್ಮ ಸರದಿ ಬರುವಾಗ ರಾತ್ರಿ ಒಂದು ಗಂಟೆ ದಾಟಿತ್ತು. ಜಗಲಿಯಲ್ಲಿ ಕಂಬಳಿ ಹೊದ್ದು ಕೂತ ಅರ್ಧ ಕೇರಿಗೆ ಚಿಕ್ಕಪ್ಪನೇ ಕಥೆ ಹೇಳಿದರು. ಅವರ ಇಂಗ್ಲಿಷೂ ಅಷ್ಟಕ್ಕಷ್ಟೇ ಅಂತ ಆಮೇಲೆ ಗೊತ್ತಾಯಿತು. ಸುಂಟರಗಾಳಿಗೆ ಮನೆ ಹಾರಿ ಹೋಗುತ್ತದೆ, ಹುಡುಗಿ ಬಾಗಿಲು ತೆಗೆದು ಹೊರಗೆ ಬರುತ್ತಾಳೆ. ‘ಇದು ಬೇರೆ ದೇಶ’ ಅಂದರು ಚಿಕ್ಕಪ್ಪ. ನಮಗೇನೂ ಬೇರೆ ಅನ್ನಿಸಲಿಲ್ಲ. ಅದೇ ಬೂದು ಬಣ್ಣ, ಗಿಡಗಳು ಸ್ವಲ್ಪ ಜಾಸ್ತಿ. ಬೆರ್ಚಪ್ಪ, ತಗಡಿನ ಮನುಷ್ಯ, ಪುಕ್ಕಲು ಸಿಂಹ ಎಲ್ಲ ಬಂದರು. ರೆಕ್ಕೆ ಇರುವ ಮಂಗಗಳು ಗುಂಪಾಗಿ ಹಾರಿ ಬಂದಾಗ ಮಾತ್ರ ಅಪ್ಪ ಎದ್ದು ಕೂತರು. ‘ನೆಲದ ಮೇಲಿನವೇ ತೋಟ ಉಳಿಸ್ತಿಲ್ಲ, ಇವು ಹಾರೋದು ಬೇರೆ!’

ಕಾಲೇಜಿಗೆ ಹೋದ ಮೇಲೆ ಎಲ್ಲೋ ಓದಿ ತಿಳಿಯಿತು. ಹುಡುಗಿ ಬಾಗಿಲು ತೆಗೆಯುತ್ತಾಳಲ್ಲ, ಅಲ್ಲಿಂದಲೇ ಆ ಸಿನಿಮಾಕ್ಕೆ ಬಣ್ಣ ಬರುವುದು. ಅದಕ್ಕಾಗಿಯೂ ಅದು ಹೆಸರಾದದ್ದು. ನಾವು ಅದೊಂದನ್ನೇ ಬಿಟ್ಟು ಉಳಿದದ್ದೆಲ್ಲ ನೋಡಿದ್ದೆವು. ಆದರೆ ಈ ವಿಷಯದಲ್ಲಿ ನಾವೇ ದಡ್ಡರಲ್ಲ ಅಂತಲೂ ಸಮಾಧಾನವಾಯಿತು. ಅಮೆರಿಕದ ಟಿವಿಯಲ್ಲಿ ಇದು ಮೊದಲು ಬಂದದ್ದು 1956ರ ನವೆಂಬರ್ 3ರಂದು. ಆಗ ಅಲ್ಲಿಯ ಹೆಚ್ಚಿನ ಮನೆಗಳಲ್ಲಿ ಇದ್ದದ್ದೂ ಕಪ್ಪು-ಬಿಳುಪು ಟಿವಿಯೇ.

ಹೋದ ಮಳೆಗಾಲದಲ್ಲಿ ಊರಿಗೆ ಹೋದಾಗ ಅಟ್ಟ ಸ್ವಚ್ಛ ಮಾಡುತ್ತಿದ್ದೆವು. ಹಳೇ ಪಂಚಾಂಗಗಳ ಕೆಳಗೆ ಆ ಕ್ಯಾಸೆಟ್ ಸಿಕ್ಕಿತು. ಕಿಟಕಿಯಂಥ ಪ್ಲಾಸ್ಟಿಕ್‌ನಿಂದ ಇಣುಕಿದರೆ ಟೇಪಿನ ಅಂಚಿನ ತುಂಬ ಬಿಳಿ ಬಿಳಿ ಎಳೆ. ಬೂಷ್ಟು. ಆಗುಂಬೆಯ ಪಕ್ಕ, ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಬೀಳುವ ಜಾಗ. ಚಪ್ಪಲಿ, ಬೆಲ್ಟು, ಕನ್ನಡಕದ ಡಬ್ಬಿಗೇ ಬೂಷ್ಟು ಬರುತ್ತದೆ, ಇದಕ್ಕೆ ಬರದೆ ಇರುತ್ತದೆಯೇ? ಶಿವಮೊಗ್ಗಕ್ಕೆ ತಂದೆ.

ಇಲ್ಲಿ ನನ್ನ ಮೊದಲ ತಪ್ಪು. ಶಿವಮೊಗ್ಗದಲ್ಲಿ ಮದುವೆ ವಿಡಿಯೋ ತೆಗೆಯುವ ಗೆಳೆಯನೊಬ್ಬ ಇದ್ದಾನೆ. ಅವನ ಹತ್ತಿರ ಇನ್ನೂ ಓಡುವ ವಿಸಿಆರ್ ಒಂದಿತ್ತು. ಈಗ ಹೊಸದು ಬೇಕೆಂದರೂ ಸಿಗುವುದಿಲ್ಲ, ಕೊನೆಯದಾಗಿ ಮಾಡುತ್ತಿದ್ದ ಜಪಾನಿನ ಫುನೈ ಕಂಪನಿ 2016ರಲ್ಲೇ ನಿಲ್ಲಿಸಿತು. ನಾನು ತಡೆಯಲಾರದೆ ಕ್ಯಾಸೆಟ್ಟನ್ನು ಹಾಗೇ ಅದಕ್ಕೆ ತೂರಿಸಿಬಿಟ್ಟೆ. ಹತ್ತು ಸೆಕೆಂಡು ಸಿಂಹದ ಗರ್ಜನೆ ಕೇಳಿತು. ಆಮೇಲೆ ಪರದೆ ತುಂಬ ಬಿಳಿ ಚುಕ್ಕೆಗಳ ಸೋನೆ ಮಳೆ. ಬೂಷ್ಟೆಲ್ಲ ಟೇಪಿನಿಂದ ಚಿತ್ರ ಓದುವ ಹೆಡ್ಡಿಗೆ ಮೆತ್ತಿಕೊಂಡಿತ್ತು. ‘ಇದು ಕ್ಯಾಸೆಟ್ ಅಲ್ಲ ಮಾರಾಯ, ಅಣಬೆ ತೋಟ’ ಅಂತ ಬೈದ. ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಅದೇ ವಿಸಿಆರ್‌ಗೆ ಮುಂದೆ ಯಾವ ಕ್ಯಾಸೆಟ್ ಹಾಕಿದರೂ ಅದಕ್ಕೂ ಬೂಷ್ಟು ಅಂಟುತ್ತದೆ. ಯಾರದ್ದೋ ಮದುವೆಯ ಒಂದೇ ಒಂದು ಪ್ರತಿ ಹಾಳಾದರೆ ಏನು ಉತ್ತರ ಕೊಡುವುದು?

ಹೆಡ್ ತೊಳೆಯುವುದನ್ನು ಅವನೇ ಕಲಿಸಿದ. ಮೇಲಿನ ಮುಚ್ಚಳ ತೆಗೆದರೆ ಹೊಳೆಯುವ ಒಂದು ಉರುಳೆ ಕಾಣುತ್ತದೆ. ಟೇಪು ಓಡುವಾಗ ಅದು ನಿಮಿಷಕ್ಕೆ 1,500 ಸುತ್ತು ತಿರುಗುತ್ತದೆ. ಹೆಡ್ಡುಗಳು ಅದರ ಅಂಚಿನಲ್ಲಿ ಕೂದಲೆಳೆಯಷ್ಟು ಹೊರಗೆ ಇಣುಕುತ್ತಿರುತ್ತವೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೆನೆಸಿದ ಬಿಳಿ ಕಾಗದವನ್ನು ಉರುಳೆಗೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಉರುಳೆಯನ್ನೇ ನಿಧಾನ ತಿರುಗಿಸಬೇಕು. ಕಾಗದವನ್ನು ಮೇಲೆ ಕೆಳಗೆ ಉಜ್ಜಿದರೆ ಹೆಡ್ಡು ಮುರಿಯಿತು ಅಂತಲೇ ಲೆಕ್ಕ. ಕಿವಿಗೆ ಹಾಕುವ ಹತ್ತಿ ಕಡ್ಡಿ ಬಳಸಲೇಬಾರದು, ಎಳೆ ಸಿಕ್ಕಿಹಾಕಿಕೊಳ್ಳುತ್ತದೆ. ಮೂರು ಕಾಗದ ಕಪ್ಪಾದ ಮೇಲೆ ನಾಲ್ಕನೆಯದು ಬೆಳ್ಳಗೆ ಬಂತು.

ಇನ್ನು ಕ್ಯಾಸೆಟ್ಟು. ಮೊದಲು ತೇವ ಹೋಗಬೇಕು. ಅಮ್ಮ ಫೋನಿನಲ್ಲೇ ಉಪಾಯ ಹೇಳಿದರು: ‘ಬಚ್ಚಲೊಲೆ ಮೇಲಿನ ಅಟ್ಟಕ್ಕೆ ಹಾಕು, ಎರಡೇ ದಿನಕ್ಕೆ ಗರಿಗರಿ ಆಗುತ್ತೆ.’ ಅಡಿಕೆಗೆ, ಹಪ್ಪಳಕ್ಕೆ ಸರಿ. ಟೇಪಿಗೆ ಬಿಸಿ ಆಗದು, ಸುಕ್ಕಾಗುತ್ತದೆ. ನಾನು ಸಿಲಿಕಾ ಜೆಲ್ ತಂದು, ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ ಕ್ಯಾಸೆಟ್ ಜೊತೆ ಮುಚ್ಚಿಟ್ಟೆ. ಆ ನೀಲಿ ಹರಳುಗಳು ತೇವ ಕುಡಿದರೆ ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. ಹುರಿದರೆ ಮತ್ತೆ ನೀಲಿ. ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಹುರಿಯಿರಿ, ಒಳ್ಳೆಯ ವಸ್ತುವಲ್ಲ ಅದು. ಹತ್ತು ದಿನದಲ್ಲಿ ಎರಡು ಸಲ ಹುರಿದೆ. ಹತ್ತನೇ ದಿನ ನೋಡಿದರೆ ಬೂಷ್ಟು ಅಂಟಂಟು ಬಿಟ್ಟು ಪುಡಿಯಾಗಿತ್ತು. ಒದ್ದೆ ಬೂಷ್ಟು ಒರೆಸಿದರೆ ಮೆತ್ತಿಕೊಳ್ಳುತ್ತದೆ, ಒಣಗಿದ್ದು ಉದುರುತ್ತದೆ.

ಆಮೇಲೆ ಬಿಚ್ಚುವ ಕೆಲಸ. ತಳದಲ್ಲಿ ಐದು ಸ್ಕ್ರೂ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ, ಟೇಪು ಯಾವ ಕಂಬದ ಒಳಗಿಂದ ಯಾವ ಉರುಳೆಯ ಹೊರಗೆ ಹಾಯುತ್ತದೆ ಅಂತ ಆಮೇಲೆ ನೆನಪಿರುವುದಿಲ್ಲ. ಒಳಗಿನ ಪುಟ್ಟ ಸ್ಪ್ರಿಂಗು ಹಾರಿದರೆ ಸಿಗುವುದೂ ಇಲ್ಲ. ನನ್ನದು ಹಾರಿತು. ಅರ್ಧ ಗಂಟೆ ಹುಡುಕಿದ ಮೇಲೆ ಮಗಳ ಸಾಕ್ಸಿನಲ್ಲಿ ಸಿಕ್ಕಿತು.

ಮನೆಯ ಹೊರಗೆ, ಕಾರ್ ಶೆಡ್ಡಿನಲ್ಲಿ ಕೂತು, ಮುಖಕ್ಕೆ ಮಾಸ್ಕ್ ಹಾಕಿ, ಕೈಗೆ ತೆಳು ಗ್ಲೌಸ್ ಹಾಕಿ ಒರೆಸಲು ಶುರು ಮಾಡಿದೆ. ಮೈಕ್ರೋಫೈಬರ್ ಬಟ್ಟೆ ಮಡಚಿ ಟೇಪನ್ನು ನಡುವೆ ಹಗುರಾಗಿ ಹಿಡಿಯುವುದು, ಇನ್ನೊಂದು ಕೈಯಲ್ಲಿ ಎದುರಿನ ಚಕ್ರ ಸುತ್ತುವುದು. 97 ನಿಮಿಷದ ಟೇಪು ಅಂದರೆ ಸುಮಾರು 136 ಮೀಟರ್, ಸಾವಿರದ ಹತ್ತಿರ ಸುತ್ತು. ಬಟ್ಟೆಯ ಜಾಗ ಬದಲಿಸುತ್ತಾ ಹೋಗಬೇಕು. ಎರಡು ರಾತ್ರಿ ಹಿಡಿಯಿತು. ಒಂದು ಕಡೆ ಅವಸರ ಮಾಡಿ ಜೋರಾಗಿ ಎಳೆದೆ, ಟೇಪಿಗೆ ಮಡಿಕೆ ಬಿತ್ತು. ಆ ಜಾಗ ಸಿನಿಮಾದಲ್ಲಿ ಎಲ್ಲಿ ಬರುತ್ತದೋ ಅಂತ ಎದೆ ಡವಡವ. ಕೊನೆಗೆ ಅದು ತಗಡಿನ ಮನುಷ್ಯನಿಗೆ ಎಣ್ಣೆ ಹಾಕುವ ಜಾಗದಲ್ಲಿ ಬಂತು. ಎರಡು ಕ್ಷಣ ಅವನ ಸೊಂಟ ಓರೆಯಾಗಿ ಕಾಣುತ್ತದೆ, ಗೊತ್ತಿಲ್ಲದವರು ನಟನೆ ಅಂದುಕೊಳ್ಳಬಹುದು.

ಹಳೇ ಡಬ್ಬಿಯ ಮೂಲೆಯಲ್ಲೆಲ್ಲ ಬೂಷ್ಟು ಉಳಿದಿತ್ತು. ಗೆಳೆಯ ಕೊಟ್ಟ ಖಾಲಿ ಕ್ಯಾಸೆಟ್ಟಿನ ಡಬ್ಬಿಗೆ ಚಕ್ರಗಳನ್ನು ಕೂರಿಸಿದೆ. ಒಂದು ಸಲ ಕೊನೆಯವರೆಗೂ ಓಡಿಸಿ ವಾಪಸ್ ಸುತ್ತಿದೆ, ವರ್ಷಗಟ್ಟಲೆ ಕೂತ ಟೇಪಿನ ಬಿಗಿ ಹಾಗೆ ಸಮ ಆಗುತ್ತದೆ. ಅದನ್ನು ಕಂಪ್ಯೂಟರಿಗೆ ಇಳಿಸಿಕೋ ಅಂತ ತುಂಬಾ ಜನ ಹೇಳಿದರು. ಮನೆಯವರ ಮದುವೆ, ಉಪನಯನದ ಕ್ಯಾಸೆಟ್ ಆಗಿದ್ದರೆ ಮೊದಲು ಅದನ್ನೇ ಮಾಡುತ್ತಿದ್ದೆ. ಇದು ಅಂಗಡಿಯ ಸಿನಿಮಾ, ಡಿಸ್ಕ್ ಕೊಂಡರೆ ಇದಕ್ಕಿಂತ ನೂರು ಪಾಲು ಚೆನ್ನಾಗಿ ಸಿಗುತ್ತದೆ. ನನಗೆ ಬೇಕಿದ್ದದ್ದು ಇದೇ ಟೇಪು, ಅದೇ ಜಗಲಿಯಲ್ಲಿ, ಒಂದೇ ಒಂದು ಸಲ.

ಊರಿನಲ್ಲಿ 21 ಇಂಚಿನ ಡಬ್ಬಾ ಕಲರ್ ಟಿವಿ ಒಂದು ಬಟ್ಟೆ ಹೊದ್ದು ಕೂತಿತ್ತು. ಅದಕ್ಕೇ ಜೋಡಿಸಿದೆ. ಇದು ಬರೀ ಹಳೆಯದರ ಮೋಹ ಅಲ್ಲ. ಈ ಸಿನಿಮಾದ ಚೌಕಟ್ಟು ಹಳೇ ಟಿವಿಯ ಆಕಾರಕ್ಕೇ ಹತ್ತಿರ, ಅಗಲ ಟಿವಿಯಲ್ಲಿ ಹಾಕಿ ಎಳೆದರೆ ಎಲ್ಲರೂ ಕುಳ್ಳಗೆ ಕಾಣುತ್ತಾರೆ. ವಿಎಚ್‌ಎಸ್ ಚಿತ್ರವೂ ಮೊದಲೇ ಮಸುಕು, ದೊಡ್ಡ ಟಿವಿ ಆ ಮಸುಕನ್ನೇ ದೊಡ್ಡದು ಮಾಡಿ ತೋರಿಸುತ್ತದೆ.

ಹೊರಗೆ ಪುಷ್ಯ ಮಳೆ. ಅಮ್ಮ ಹಲಸಿನ ಹಪ್ಪಳ ಸುಟ್ಟರು. ಅಪ್ಪ ಆರಾಮ ಕುರ್ಚಿಯಲ್ಲಿ. ಮಗಳಿಗೂ ತಂಗಿಯ ಮಗನಿಗೂ ನಾನು ಏನೂ ಹೇಳಿರಲಿಲ್ಲ. ಶುರುವಿನ ಕ್ಯಾನ್ಸಸ್ ಭಾಗ, ಅಂದರೆ ಹುಡುಗಿಯ ಊರಿನ ಭಾಗ, ಕಪ್ಪು-ಬಿಳುಪಿನಲ್ಲಿ ಓಡುತ್ತಿತ್ತು. 1939ರಲ್ಲಿ ಬಿಡುಗಡೆ ಆದಾಗ ಈ ಭಾಗ ಹಳೇ ಫೋಟೋದ ಹಾಗೆ ಕಂದು ಛಾಯೆಯಲ್ಲಿತ್ತು. 1949ರ ಮರುಬಿಡುಗಡೆಯಲ್ಲಿ ಅದನ್ನು ಬರೀ ಕಪ್ಪು-ಬಿಳುಪು ಮಾಡಿದರು. ಕಂದು ಬಣ್ಣ ವಾಪಸ್ ಬಂದದ್ದು 1989ರಲ್ಲಿ, ಐವತ್ತು ವರ್ಷ ತುಂಬಿದಾಗ ತಂದ ಕ್ಯಾಸೆಟ್ಟಿನಲ್ಲಿ. ಚಿಕ್ಕಪ್ಪ ಒಂದು ವರ್ಷ ಮೊದಲೇ ತಂದುಬಿಟ್ಟಿದ್ದರು.

ಸುಂಟರಗಾಳಿ ಬಂತು. ಅದು 35 ಅಡಿ ಉದ್ದದ ಮಸ್ಲಿನ್ ಬಟ್ಟೆಯ ಕೊಳವೆ, ಮೇಲಿಂದ ತೂಗು ಹಾಕಿ ತಿರುಗಿಸಿದ್ದು. ಗೊತ್ತಿದ್ದೂ ಭಯವಾಯಿತು. ಮನೆ ಧೊಪ್ಪನೆ ಬಿತ್ತು. ಹುಡುಗಿ ಬಾಗಿಲ ಹತ್ತಿರ ಹೋದಳು, ಬಾಗಿಲು ತೆರೆಯಿತು.

‘ಅಪ್ಪಾ, ಟಿವಿ ಈಗ ಸರಿ ಹೋಯ್ತಾ?’ ಅಂದಳು ಮಗಳು. ಇಷ್ಟು ಹೊತ್ತೂ ಟಿವಿ ಕೆಟ್ಟಿದೆ ಅಂದುಕೊಂಡು, ನನಗೆ ಬೇಜಾರಾಗಬಾರದು ಅಂತ ಸುಮ್ನೆ ಕೂತಿದ್ದಳಂತೆ.

ನಾನು ಮಾತಾಡಲಿಲ್ಲ. ಆ ಬಾಗಿಲಿನ ಗುಟ್ಟು ಓದಿ ತಿಳಿದುಕೊಂಡಿದ್ದೆ. ಆ ದೃಶ್ಯದಲ್ಲಿ ಬಣ್ಣದ ಫಿಲ್ಮೇ ಇರುವುದು. ಮನೆಯ ಒಳಗೋಡೆಗೆ ಕಂದು ಬಣ್ಣ ಬಳಿದಿದ್ದರು. ಬಾಗಿಲು ತೆಗೆಯುವವಳು ಆ ಹುಡುಗಿಯ ಪಾತ್ರ ಮಾಡಿದ ಜೂಡಿ ಗಾರ್ಲೆಂಡ್ ಅಲ್ಲ, ಕಂದು ಬಟ್ಟೆ ಹಾಕಿದ ಬದಲಿ ಹುಡುಗಿ. ಅವಳು ಪಕ್ಕಕ್ಕೆ ಸರಿದಾಗ ನೀಲಿ ಚೌಕಳಿಯ ಬಟ್ಟೆ ಹಾಕಿದ ಜೂಡಿ ಬರುತ್ತಾಳೆ. ಕಂಪ್ಯೂಟರ್ ಇಲ್ಲ, ಏನಿಲ್ಲ, ಬಳಿದ ಬಣ್ಣ ಮತ್ತು ಇಬ್ಬರು ಹುಡುಗಿಯರು. ಇದೆಲ್ಲ ಮಕ್ಕಳಿಗೆ ಹೇಳಬೇಕು ಅಂತ ತಯಾರಾಗಿ ಬಂದಿದ್ದೆ. ಆ ಹೊತ್ತಿಗೆ ಒಂದೂ ಬಾಯಿಗೆ ಬರಲಿಲ್ಲ. ಜಗಲಿಯ ಗೋಡೆ ಮೇಲೆಲ್ಲ ಟಿವಿಯ ಹಸಿರು ಹಳದಿ ಬೆಳಕು ಆಡುತ್ತಿತ್ತು.

‘ಅವತ್ತು ಇವರು ಇನ್ನೊಂದಿಷ್ಟು ದುಡ್ಡು ಕೊಟ್ಟಿದ್ದರೆ ಅವತ್ತೇ ನೋಡಬಹುದಿತ್ತು’ ಅಂದರು ಅಮ್ಮ. ಅಪ್ಪ ಹಪ್ಪಳ ಮುರಿಯುತ್ತಾ, ‘ಕಥೆ ಅದೇ ತಾನೆ?’ ಅಂದರು.

ಶೂ ಕೆಂಪು. ಹೊಳೆಯುವ ಕೆಂಪು. ವಿಎಚ್‌ಎಸ್‌ನಲ್ಲಿ ಕೆಂಪು ಬಣ್ಣ ಗೆರೆಯೊಳಗೆ ನಿಲ್ಲುವುದಿಲ್ಲ, ಆಚೀಚೆ ಹರಡುತ್ತದೆ. ಹಾಗಾಗಿ ಅವಳು ಹೆಜ್ಜೆ ಇಟ್ಟಲ್ಲೆಲ್ಲ ಹಳದಿ ಇಟ್ಟಿಗೆ ದಾರಿಗೆ ಕುಂಕುಮ ಉದುರಿದ ಹಾಗೆ ಕಾಣುತ್ತಿತ್ತು. ಆಮೇಲೆ ಡಿಸ್ಕ್ ತರಿಸಿ ಶಿವಮೊಗ್ಗದ ಮನೆಯ ದೊಡ್ಡ ಟಿವಿಯಲ್ಲೂ ನೋಡಿದೆ. ಅದರಲ್ಲಿ ಶೂಗೆ ಹೊಲಿದ ಒಂದೊಂದು ಮಿಂಚೂ ಎಣಿಸಬಹುದು. ಬೆರ್ಚಪ್ಪನ ಮುಖದ ಗೋಣಿಯ ಎಳೆ ಕಾಣುತ್ತದೆ, ದಾರಿ ಮುಗಿದು ಹಿಂದಿನ ಪರದೆಗೆ ಬಳಿದ ಚಿತ್ರ ಶುರುವಾಗುವ ಜಾಗವೂ ಕಾಣುತ್ತದೆ. ಸೊಗಸಾಗಿದೆ, ಮಕ್ಕಳಿಗೆ ತೋರಿಸುವುದಾದರೆ ಡಿಸ್ಕನ್ನೇ ತೋರಿಸಿ. ಕುಂಕುಮ ಮಾತ್ರ ಅದರಲ್ಲಿ ಉದುರುವುದಿಲ್ಲ.

ಇನ್ನೊಂದು ವಿಚಿತ್ರ ಇದೆ. ಡಿಸ್ಕಿನಲ್ಲಿ ಹಾಡು ಸ್ವಲ್ಪ ಕೆಳಗಿನ ಶ್ರುತಿಯಲ್ಲಿದೆ ಅನ್ನಿಸಿತು. ನನ್ನ ಕಿವಿಯ ದೋಷ ಅಂದುಕೊಂಡೆ. ಹಾರ್ಮೋನಿಯಂ ನುಡಿಸುವ ತಂಗಿಗೆ ಎರಡನ್ನೂ ಕೇಳಿಸಿದರೆ ಅವಳೂ ಹೌದು ಅಂದಳು. ಲೆಕ್ಕ ಹಾಕಿದಾಗ ಗೊತ್ತಾಯಿತು. ಸಿನಿಮಾ ಓಡುವುದು ಸೆಕೆಂಡಿಗೆ 24 ಚಿತ್ರ, ನಮ್ಮ ಕಡೆಯ ಟಿವಿ ಪದ್ಧತಿಯಾದ ಪಾಲ್ (PAL) ಟೇಪು ಓಡುವುದು 25. ಹಾಗಾಗಿ 101 ನಿಮಿಷದ ಸಿನಿಮಾ ಟೇಪಿನಲ್ಲಿ 97 ನಿಮಿಷಕ್ಕೆ ಮುಗಿಯುತ್ತದೆ. ಹಾಡು ಹಾರ್ಮೋನಿಯಂನ ಒಂದು ಮನೆಯಿಂದ ಪಕ್ಕದ ಮನೆಗೆ ಇರುವ ಅಂತರದಲ್ಲಿ ಮುಕ್ಕಾಲು ಪಾಲಿಗೆ ಹತ್ತಿರ ಮೇಲೇರುತ್ತದೆ. ಇಷ್ಟು ವರ್ಷ ನಾವು ಗುನುಗುತ್ತಿದ್ದದ್ದು ಆ ಏರಿದ ಶ್ರುತಿಯನ್ನೇ.

ಅಂದ ಹಾಗೆ, ಸಿನಿಮಾ ನೋಡಿದ ರಾತ್ರಿಯೇ ಸಾಗರಕ್ಕೆ ಫೋನ್ ಮಾಡಿದ್ದೆ. ತಂಗಿ ಮಲಗಿದ್ದಳು.

‘ಕೆಂಪು ಕಣೇ.’

‘ಏನು ಕೆಂಪು?’

‘ಶೂ. ಹಸಿರೂ ಅಲ್ಲ, ಬೆಳ್ಳಿಯೂ ಅಲ್ಲ. ಇಬ್ಬರೂ ಸೋತ್ವಿ.’

ಅವಳು ಒಪ್ಪಲಿಲ್ಲ. ಒಪ್ಪುವವಳೂ ಅಲ್ಲ. ಮರುದಿನ ಬೆಳಿಗ್ಗೆ ನಾನಿನ್ನೂ ಹಲ್ಲುಜ್ಜುತ್ತಿದ್ದೆ, ಅವಳೇ ಫೋನ್ ಮಾಡಿದಳು. ಎಲ್ಲೋ ಹುಡುಕಿ ತೆಗೆದಿದ್ದಳು. ಸಿನಿಮಾಕ್ಕೆ ಮೂಲವಾದ ಎಲ್. ಫ್ರಾಂಕ್ ಬಾಮ್ ಅವರ ಪುಸ್ತಕ ಬಂದದ್ದು 1900ರಲ್ಲಿ. ಅದರಲ್ಲಿ ಶೂ ಬೆಳ್ಳಿಯದ್ದೇ. ಟೆಕ್ನಿಕಲರ್ ಅನ್ನುವ ಆಗಿನ ಬಣ್ಣದ ಫಿಲ್ಮಿನ ವಿಧಾನದಲ್ಲಿ ಎದ್ದು ಕಾಣಲಿ ಅಂತ ಸಿನಿಮಾದವರು ಕೆಂಪು ಮಾಡಿದ್ದು.

‘ಹಾಗಾದರೆ ಗೆದ್ದಿದ್ದು ಯಾರು ಹೇಳು’ ಅಂದಳು. ನಾನು ಬಾಯಿ ತುಂಬ ನೊರೆ ಇದೆ ಅಂತ ತಪ್ಪಿಸಿಕೊಂಡೆ. ‘ಸರಿ, ಆ ಕ್ಯಾಸೆಟ್ ಮತ್ತೆ ಅಟ್ಟಕ್ಕೆ ಹಾಕಬೇಡ ಮಾರಾಯ. ಇಲ್ಲಿಗೆ ಕಳಿಸು, ನಾನು ಇಟ್ಟುಕೊಳ್ತೀನಿ.’

ಇನ್ನೂ ಕಳಿಸಿಲ್ಲ.