ಮೂವತ್ತು ದಾಟಿದ ಮೇಲೆ ಸೌಟು ಹಿಡಿದವರಿಗೆ

ಅಡುಗೆ ಹೇಳಿಕೊಡುವವರು ಸಾಮಾನ್ಯವಾಗಿ ಅಳತೆ ಹೇಳುವುದಿಲ್ಲ. ಉಪ್ಪು ರುಚಿಗೆ ತಕ್ಕಷ್ಟು, ನೀರು ಬೇಕಾದಷ್ಟು ಎಂದು ಮುಗಿಸಿಬಿಡುತ್ತಾರೆ. ಚಿಕ್ಕಂದಿನಿಂದ ಅಡುಗೆಮನೆಯಲ್ಲಿ ನಿಂತು ನೋಡಿದವರಿಗೆ ಅಷ್ಟು ಸಾಕು. ಹಾಸ್ಟೆಲ್, ಪಿಜಿ, ಕೆಲಸ ಅಂತ ಓಡಾಡಿ ಮೂವತ್ತು ದಾಟಿದ ಮೇಲೆ ಮೊದಲ ಸಲ ಸ್ವಂತ ಒಲೆ ಹಚ್ಚುವವರಿಗೆ ಸಾಲದು. ಗಂಡಾಗಲಿ ಹೆಣ್ಣಾಗಲಿ, ಇದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ. ಆದರೆ ಮೊದಲ ದಿನವೇ ಬಿಸಿಬೇಳೆಬಾತಿಗೆ ಕೈಹಾಕಬೇಡಿ. ಅನ್ನ, ಬೇಳೆ, ಒಗ್ಗರಣೆ, ಮೊಸರು, ಇವು ನಾಲ್ಕು ಬಂದರೆ ದಿನದ ಊಟ ನಡೆಯುತ್ತದೆ. 200 ಮಿಲಿ ಹಿಡಿಯುವ ಒಂದು ಲೋಟ, ಒಂದು ಟೀ ಚಮಚ ಅಳತೆಗೆಂದೇ ಎತ್ತಿಡಿ. ಎರಡು ವಾರ ಅದದನ್ನೇ ಮಾಡಿ. ಕೆಟ್ಟರೆ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ನೀರನ್ನೂ ಉರಿಯನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಎಲ್ಲಿತ್ತೆಂದು ಗೊತ್ತಾಗುವುದೇ ಇಲ್ಲ.

ಇಬ್ಬರಿಗೆ ಒಂದು ಲೋಟ ಸೋನಾ ಮಸೂರಿ ಸಾಕು. ಎರಡು ಮೂರು ನೀರಿನಲ್ಲಿ ತೊಳೆದು 15 ನಿಮಿಷ ನೆನೆಯಲು ಬಿಡಿ. ಹಳೇ ಅಕ್ಕಿಯಾದರೆ ಎರಡೂವರೆ ಲೋಟ ನೀರು, ಹೊಸ ಅಕ್ಕಿಯಾದರೆ ಎರಡೇ. ಹೊಸದೋ ಹಳೆಯದೋ ಎಂದು ಅಂಗಡಿಯಲ್ಲೇ ಕೇಳಿಬಿಡಿ. ತಿಂಗಳುಗಟ್ಟಲೆ ಸರಿಯಾಗಿ ಆಗುತ್ತಿದ್ದ ಅನ್ನ ಇದ್ದಕ್ಕಿದ್ದಂತೆ ಮುದ್ದೆಯಾದರೆ ಹೆಚ್ಚಿನ ಸಲ ತಪ್ಪು ನಿಮ್ಮದಲ್ಲ, ಮೂಟೆ ಬದಲಾಗಿರುತ್ತದೆ. ಕುಕ್ಕರಿನಲ್ಲಿ ಮೂರು ವಿಷಲ್ ಆದ ಮೇಲೆ ಒಲೆ ಆರಿಸಿ, ಒತ್ತಡ ತಾನಾಗಿ ಇಳಿಯಲಿ. ಆ ಹತ್ತು ನಿಮಿಷದಲ್ಲಿ ಅನ್ನ ಒಳಗೇ ಅರಳುತ್ತದೆ. ಆತುರಕ್ಕೆ ವೇಟ್ ಎತ್ತಿ ಆವಿ ಬಿಟ್ಟರೆ ಮೇಲೆ ಬೆಂದು ಒಳಗೆ ಗಂಟು ಉಳಿಯುತ್ತದೆ, ಕೈಯೂ ಸುಟ್ಟುಕೊಳ್ಳುತ್ತೀರಿ. ಕರಾವಳಿಯ ಕುಚ್ಚಲಕ್ಕಿಗೆ ಈ ಲೆಕ್ಕ ನಡೆಯದು. ಅದನ್ನು ಧಾರಾಳ ನೀರಿನಲ್ಲಿ ಬೇಯಿಸಿ ಗಂಜಿ ಬಸಿಯಬೇಕು.

ಕುಕ್ಕರಿಗೆ ಹೆದರುವವರು ಬಹಳ. ಹೆದರಬೇಕಾದದ್ದು ಎರಡಕ್ಕೆ: ತಳದಲ್ಲಿ ನೀರು ಮುಗಿಯುವುದು, ಆವಿ ಹೋಗುವ ಕೊಳವೆ ಕಟ್ಟಿಕೊಳ್ಳುವುದು. ಒಳಗೆ ಪಾತ್ರೆ ಇಟ್ಟು ಬೇಯಿಸುವಾಗ ತಳಕ್ಕೆ ಎರಡು ಲೋಟ ನೀರು ಇರಲೇಬೇಕು. ಮುಚ್ಚಳ ಹಾಕುವ ಮುಂಚೆ ಪ್ರತಿ ಸಲ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿ, ಆಚೆ ಬದಿ ಕಾಣಬೇಕು. ಆವಿ ಒಂದೇ ಸಮನೆ ಹೊರಡಲು ಶುರುವಾದ ಮೇಲೆ ವೇಟ್ ಇಡಿ. ಪಕ್ಕದಿಂದ ಆವಿ ಸೋರಿ ವಿಷಲ್ಲೇ ಬರುತ್ತಿಲ್ಲವೆಂದರೆ ಗ್ಯಾಸ್ಕೆಟ್ ಸಡಿಲವಾಗಿದೆ. ತಣ್ಣೀರಲ್ಲಿ ಅದ್ದಿಟ್ಟು ಹಾಕಿದರೆ ಆ ಹೊತ್ತು ಕೆಲಸ ನಡೆದೀತು, ಆದರೆ ಹೊಸದು ತನ್ನಿ, ಅದೇ ಕಂಪನಿಯದು, ಅದೇ ಲೀಟರಿನದು. ಸೇಫ್ಟಿ ವಾಲ್ವ್ ಒಮ್ಮೆ ಕರಗಿದರೆ ಅದನ್ನು ಬದಲಿಸಬೇಕೇ ಹೊರತು ಏನನ್ನಾದರೂ ತುರುಕಿ ಮುಚ್ಚುವ ಜಾಣತನ ಬೇಡ.

ತೊಗರಿಬೇಳೆ ಅರ್ಧ ಲೋಟಕ್ಕೆ ಒಂದೂವರೆ ಲೋಟ ನೀರು, ಚಿಟಿಕೆ ಅರಿಶಿನ, ನಾಲ್ಕು ಹನಿ ಎಣ್ಣೆ. ಎಣ್ಣೆ ಸುಮ್ಮನೆ ಅಲ್ಲ. ಬೇಳೆಯ ನೊರೆ ಉಕ್ಕಿ ಕೊಳವೆಗೆ ಹೋಗುವುದನ್ನು ಅದು ತಡೆಯುತ್ತದೆ. ಅದೇ ಕಾರಣಕ್ಕೆ ಬೇಳೆ ನೇರವಾಗಿ ಕುಕ್ಕರಿಗೇ ಹಾಕುವುದಾದರೆ ಅರ್ಧಕ್ಕಿಂತ ಹೆಚ್ಚು ತುಂಬಿಸಬಾರದು. ನಾಲ್ಕರಿಂದ ಐದು ವಿಷಲ್. ಬೇಳೆ ಕಾಳುಕಾಳಾಗಿ ಉಳಿಯಿತೇ? ಹುಣಸೆಹಣ್ಣು, ಟೊಮೆಟೊ ಮೊದಲೇ ಹಾಕಿದ್ದಿರಬಹುದು, ಹುಳಿ ಸೇರಿದರೆ ಬೇಳೆ ಬೇಗ ಮೆತ್ತಗಾಗದು. ಬೋರ್‌ವೆಲ್ಲಿನ ಗಡಸು ನೀರೂ ಹಾಗೇ ಮಾಡುತ್ತದೆ. ಬೇಳೆಗೆ ಮಾತ್ರ ಕುಡಿಯುವ ನೀರು ಹಾಕಿ ನೋಡಿ. ಅದೂ ಅಲ್ಲವೆಂದರೆ ಬೇಳೆ ಹಳತು, ಮುಂದಿನ ಸಲ ಅರ್ಧ ಗಂಟೆ ನೆನೆಸಿ.

ಇನ್ನು ಸಾರು. ಸಣ್ಣ ನೆಲ್ಲಿಕಾಯಿಯಷ್ಟು ಹುಣಸೆಹಣ್ಣು ನೆನೆಸಿ ಕಿವುಚಿದ ರಸ, ಹೆಚ್ಚಿದ ಎರಡು ಟೊಮೆಟೊ, ಎರಡು ಚಮಚ ಸಾರಿನ ಪುಡಿ, ಒಂದೂವರೆ ಚಮಚ ಉಪ್ಪು, ಚೂರು ಬೆಲ್ಲ, ಎರಡು ಲೋಟ ನೀರು. ಇದು ಮೊದಲು ಏಳೆಂಟು ನಿಮಿಷ ಚೆನ್ನಾಗಿ ಕುದಿಯಬೇಕು. ಹಸಿ ವಾಸನೆ ಹೋಯಿತೇ ಎಂದು ಮೂಗಿಗೇ ತಿಳಿಯುತ್ತದೆ. ಆಮೇಲೆ ಮಸೆದ ಬೇಳೆ ಸೇರಿಸಿ, ಒಟ್ಟು ನಾಲ್ಕು ಲೋಟ ಆಗುವಷ್ಟು ನೀರು ಹಾಕಿ, ನೊರೆ ಮೇಲೆದ್ದು ಬರುವಾಗ ಇಳಿಸಿ. ಬೇಳೆ ಹಾಕಿದ ಮೇಲೆ ಬಹಳ ಹೊತ್ತು ಕುದಿಸಿದರೆ ಪುಡಿಯ ಘಮ ಹೋಗಿ ಸಾರು ಗಟ್ಟಿಯಾಗುತ್ತದೆ. ಉಪ್ಪು ಜಾಸ್ತಿಯಾದರೆ ಆಲೂಗಡ್ಡೆ ಹಾಕಿ ತೆಗೆಯಿರಿ ಎಂದು ಹೇಳುವವರಿದ್ದಾರೆ. ಆಲೂಗಡ್ಡೆ ತಾನು ಹೀರಿದ ನೀರಿನೊಡನೆ ಅಷ್ಟೋ ಇಷ್ಟೋ ಉಪ್ಪು ಹೀರೀತು, ಉಳಿದ ಸಾರು ಮೊದಲಿನಷ್ಟೇ ಉಪ್ಪು. ಉಪ್ಪಿಲ್ಲದ ಬೇಳೆಕಟ್ಟು, ನೀರು ಸೇರಿಸಿ ಹಿಗ್ಗಿಸುವುದೊಂದೇ ದಾರಿ.

ಒಗ್ಗರಣೆ ಕಹಿಯಾಗುವುದು ಸಾಮಗ್ರಿಯಿಂದಲ್ಲ, ಹಾಕುವ ಸರದಿಯಿಂದ. ಎರಡು ಚಮಚ ಎಣ್ಣೆ ಕಾಯಿಸಿ ಮೊದಲು ಒಂದೇ ಒಂದು ಸಾಸಿವೆ ಕಾಳು ಹಾಕಿ. ಅದು ಸುಮ್ಮನೆ ಬಿದ್ದಿದ್ದರೆ ಕಾಯಿರಿ, ಹಾಕಿದ ಕೂಡಲೇ ಕಪ್ಪಾದರೆ ಒಲೆ ಆರಿಸಿ ಎಣ್ಣೆ ಸ್ವಲ್ಪ ತಣಿಯಲಿ. ಚಟ್ ಎಂದರೆ ಮಿಕ್ಕ ಅರ್ಧ ಚಮಚ ಸಾಸಿವೆ ಹಾಕಿ, ಸಿಡಿದು ಸದ್ದು ಇಳಿಯುವವರೆಗೆ ಬಿಡಿ. ಅರ್ಧಂಬರ್ಧ ಸಿಡಿದ ಸಾಸಿವೆಯೂ ಕಹಿಯೇ. ಚಿತ್ರಾನ್ನ, ಪಲ್ಯಕ್ಕಾದರೆ ಉರಿ ತಗ್ಗಿಸಿ ಮೊದಲು ಕಡಲೆಬೇಳೆ, ಅರ್ಧ ನಿಮಿಷ ಬಿಟ್ಟು ಉದ್ದಿನಬೇಳೆ. ಎರಡನ್ನೂ ಒಟ್ಟಿಗೆ ಹಾಕಿದರೆ ಉದ್ದು ಸೀಯುವಾಗ ಕಡಲೆ ಇನ್ನೂ ಹಲ್ಲಿಗೆ ಕಲ್ಲು. ನಂತರ ಒಣಮೆಣಸಿನಕಾಯಿ, ಚಿಟಿಕೆ ಇಂಗು. ಕರಿಬೇವು ಕೊನೆಗೆ, ಒರೆಸಿ ಹಾಕಿ. ಒದ್ದೆ ಎಲೆಯಿಂದಲೇ ಮುಖಕ್ಕೆ ಎಣ್ಣೆ ಹಾರುವುದು.

ಮೊಸರಿಗೆ ಕಾದ ಹಾಲು ಬೆಚ್ಚಗಾಗುವವರೆಗೆ ಆರಬೇಕು: ತೊಳೆದ ಬೆರಳು ಅದ್ದಿ ಹತ್ತು ಎಣಿಸುವವರೆಗೆ ಹಾಯಾಗಿ ಇಡಲು ಆಗಬೇಕು. ಅರ್ಧ ಲೀಟರಿಗೆ ಒಂದು ಚಮಚ ಹೆಪ್ಪು ಸಾಕು. ಬೇಸಿಗೆಯಲ್ಲಿ ಐದಾರು ಗಂಟೆ, ಡಿಸೆಂಬರಿನ ಬೆಂಗಳೂರಿನಲ್ಲಿ ರಾತ್ರಿ ಪೂರ್ತಿ. ಚಳಿಗೆ ಪಾತ್ರೆಯನ್ನು ದಪ್ಪ ಟವೆಲಿನಲ್ಲಿ ಸುತ್ತಿ ಅಕ್ಕಿ ಡಬ್ಬದೊಳಗೆ ಇಡಿ. ಒಡೆದು ನೀರಾಗಿದ್ದರೆ ಹಾಲು ಬಿಸಿ ಹೆಚ್ಚಿತ್ತು, ಬೇಗ ಹುಳಿಯಾದರೆ ಹೆಪ್ಪು ಹೆಚ್ಚಾಯಿತು ಅಥವಾ ಹೊರಗಿಟ್ಟು ಮರೆತಿರಿ. ಲೋಳೆಲೋಳೆಯಾಗಿ ಎಳೆ ಬಂದರೆ ಹೆಪ್ಪು ಕೆಟ್ಟಿದೆ. ಅದರಿಂದಲೇ ಮತ್ತೆ ಮತ್ತೆ ಹೆಪ್ಪು ಹಾಕಬೇಡಿ, ಪಕ್ಕದ ಮನೆಯಲ್ಲಿ ಒಂದು ಚಮಚ ಕೇಳಿ ತನ್ನಿ.

ಮಿಕ್ಕ ಅನ್ನವನ್ನು ಎರಡು ಗಂಟೆಯೊಳಗೆ ಅಗಲವಾದ ಡಬ್ಬದಲ್ಲಿ ಫ್ರಿಜ್ಜಿಗೆ ಸೇರಿಸಿ. ಹೊರಗೇ ಕೂತ ಅನ್ನದಲ್ಲಿ ಬೆಳೆಯುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು.

ದಿನಸಿ: ದಿನಕ್ಕೊಂದು ಲೋಟ ಬೇಯಿಸಿದರೆ ಇಬ್ಬರಿಗೆ ತಿಂಗಳಿಗೆ ಸುಮಾರು ಐದರಿಂದ ಆರು ಕಿಲೋ ಅಕ್ಕಿ, ಒಂದೂವರೆ ಕಿಲೋ ತೊಗರಿಬೇಳೆ, ಎರಡು ಲೀಟರ್ ಎಣ್ಣೆ ಎಂದು ಶುರು ಮಾಡಿ, ತಿಂಗಳ ಕೊನೆಗೆ ಉಳಿದದ್ದು ನೋಡಿ ತಿದ್ದಿಕೊಳ್ಳಿ. ಆಫರ್ ಇದೆಯೆಂದು 25 ಕಿಲೋ ಮೂಟೆ ಹೊತ್ತು ತಂದರೆ ಹುಳುವಿಗೆ ಹಬ್ಬ. ಹುಳು ಬಿದ್ದ ಅಕ್ಕಿಯನ್ನು ನೆರಳಲ್ಲಿ ಹರಡಿ, ಉರಿಬಿಸಿಲಿಗೆ ಹಾಕಿದರೆ ಕಾಳು ಸೀಳಿ ನುಚ್ಚಾಗುತ್ತದೆ. ರವೆಯನ್ನು ತಂದ ದಿನವೇ ಬೆಚ್ಚಗೆ ಹುರಿದು, ಪೂರ್ತಿ ತಣಿದ ಮೇಲೆ ಡಬ್ಬಕ್ಕೆ ಹಾಕಿ. ಹಳೇ ರವೆಯ ಮೇಲೆ ಹೊಸದನ್ನು ಸುರಿಯುವುದು ಎಲ್ಲರೂ ಮಾಡುವ ತಪ್ಪು. ಡಬ್ಬ ತೊಳೆದು ಒಣಗಿಸಿ ತುಂಬಿಸಿ.

ಪಾತ್ರೆಯ ತಳ ಕರಿ ಹಿಡಿಯುತ್ತಿದ್ದರೆ ಪಾತ್ರೆ ಉಜ್ಜುವುದಕ್ಕಿಂತ ಮೊದಲು ಬರ್ನರ್ ನೋಡಿ. ಉರಿ ನೀಲಿಯಿರಬೇಕು, ಹಳದಿಯಾದರೆ ತೂತುಗಳಲ್ಲಿ ಉಕ್ಕಿದ ಹಾಲು, ಸಾರು ಒಣಗಿ ಕೂತಿದೆ. ಬಿಸಿನೀರು, ಸೋಪಿನಲ್ಲಿ ನೆನೆಸಿ ಪಿನ್ನಿನಿಂದ ಬಿಡಿಸಿ, ಒಣಗಿಸಿ ಹಾಕಿ. ಸಿಲಿಂಡರ್ ಬದಲಿಸಿದಾಗ ರೆಗ್ಯುಲೇಟರ್ ಕೂತ ಜಾಗಕ್ಕೂ ಟ್ಯೂಬಿನ ಎರಡು ತುದಿಗೂ ಸೋಪಿನ ನೀರು ಸವರಿ, ಗುಳ್ಳೆ ಬಂದರೆ ಸೋರುತ್ತಿದೆ. ಕಡ್ಡಿ ಗೀರಿ ಪರೀಕ್ಷೆ ಮಾಡಬಾರದು. ವಾಸನೆ ಬಂದರೆ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆಗೆದು, ಲೈಟಿನ ಸ್ವಿಚ್ಚು ಮುಟ್ಟದೆ ಹೊರಗೆ ಬಂದು ಗ್ಯಾಸ್ ಸೋರಿಕೆಯ ತುರ್ತು ಸಂಖ್ಯೆ 1906ಕ್ಕೆ ಫೋನ್ ಮಾಡಿ. ಟ್ಯೂಬಿನ ಮೇಲೆ ಅವಧಿ ಅಚ್ಚಾಗಿರುತ್ತದೆ, ಅದನ್ನು ಇವತ್ತೇ ಓದಿ.

ಬಚ್ಚಲುಮನೆಗೆ ಒಂದೇ ಎಚ್ಚರಿಕೆ. ಕಕ್ಕಸು ತೊಳೆಯುವ ಆಸಿಡ್ಡನ್ನೂ ಬ್ಲೀಚಿಂಗ್ ಪೌಡರನ್ನೂ ಒಟ್ಟಿಗೆ ಸುರಿಯಬೇಡಿ, ಕ್ಲೋರಿನ್ ಅನಿಲ ಎದ್ದು ಉಸಿರುಗಟ್ಟುತ್ತದೆ. ಒಂದು ದಿನ ಒಂದನ್ನು ಹಾಕಿ, ಧಾರಾಳ ನೀರು ಹುಯ್ದು ತೊಳೆದು, ಇನ್ನೊಂದನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ. ಎರಡು ಬಾಟಲಿಗಳನ್ನು ಅಕ್ಕಪಕ್ಕ ಇಡುವುದೂ ಬೇಡ.