ಮುಳ್ಳು ನಿಲ್ಲದ ಮೆಗ್ಗರ್

ಬೆಂಗಳೂರಿನ ಸಂಡೇ ಬಜಾರ್‌ನಲ್ಲಿ ಕಪ್ಪು ಬೇಕಲೈಟ್ ಪೆಟ್ಟಿಗೆಯೊಂದು ಕಣ್ಣಿಗೆ ಬಿತ್ತು. ಪಕ್ಕದಲ್ಲಿ ಮಡಚುವ ಹಿಡಿ. "ಹಳೇ ಕಾಲದ ಫೋನು ಸಾರ್, 800 ಕೊಡಿ" ಅಂದ ಗುಜರಿಯವನು. ಹೆಸರಿನ ತಗಡು ಕಿತ್ತುಹೋಗಿತ್ತು. ಗಾಜಿನ ಧೂಳು ಒರೆಸಿದೆ. ಸ್ಕೇಲಿನ ಒಂದು ತುದಿಯಲ್ಲಿ 0, ಇನ್ನೊಂದು ತುದಿಯಲ್ಲಿ ಮಲಗಿಸಿದ 8ರಂಥ ಇನ್ಫಿನಿಟಿ ಗುರುತು, ಕೆಳಗೆ 500 ವೋಲ್ಟ್. ಟರ್ಮಿನಲ್‌ಗಳ ಬುಡದಲ್ಲಿ ಎಲ್, ಇ, ಜಿ. ಅಂದರೆ ಲೈನ್, ಅರ್ಥ್, ಗಾರ್ಡ್. ಕೈಯಲ್ಲಿ ತಿರುಗಿಸುವ ಮೆಗ್ಗರ್! ವೈರಿನ ಇನ್ಸುಲೇಶನ್‌ನಿಂದ ಕರೆಂಟು ಸೋರುತ್ತದೆಯೇ ಅಂತ ನೋಡುವ ಮೀಟರ್. ಮುಖದಲ್ಲಿ ಏನೂ ತೋರಿಸದೆ 500ಕ್ಕೆ ಇಳಿಸಿ ತಂದೆ.

ನಮ್ಮದು ಮೋಟಾರ್ ವೈಂಡಿಂಗ್ ಅಂಗಡಿ. ದಿನಾ ಬ್ಯಾಟರಿ ಮೆಗ್ಗರ್ ಬಳಸುತ್ತೇನೆ, ಆದರೆ ಇಂಥದ್ದನ್ನು ಬಿಚ್ಚಿ ನೋಡಿರಲಿಲ್ಲ. ಮೇಜಿನ ಮೇಲಿಟ್ಟರೆ ಮುಳ್ಳು ಎಲ್ಲೆಂದರಲ್ಲಿ ನಿಲ್ಲುತ್ತಿತ್ತು. ಒಮ್ಮೆ 2ರ ಹತ್ತಿರ, ಅಲ್ಲಾಡಿಸಿದರೆ ಇನ್ನೆಲ್ಲೋ. ಒಳಗಿನ ಸ್ಪ್ರಿಂಗ್ ತುಂಡಾಗಿದೆ ಅಂದುಕೊಂಡು ಹಳೇ ಮೀಟರೊಂದರ ಸ್ಪ್ರಿಂಗ್ ಹಾಕಲು ಹೊರಟಿದ್ದೆ. ಕೆಲಸ ಕಲಿಸಿದ ಮೇಷ್ಟ್ರಿಗೆ ಫೋನ್ ಮಾಡಿದೆ. "ಅದಕ್ಕೆ ಸ್ಪ್ರಿಂಗೇ ಇರಲ್ಲ ಕಣೋ, ಮುಟ್ಟಬೇಡ" ಅಂದರು.

ಬಿಚ್ಚಿದ ಮೇಲೆ ಅರ್ಥವಾಯಿತು. ಮುಳ್ಳಿನ ಕಡ್ಡಿಗೆ ಎರಡು ಕಾಯಿಲ್, ಒಂದಕ್ಕೊಂದು ಓರೆಯಾಗಿ. ಒಂದರಲ್ಲಿ ಹಿಡಿ ತಿರುಗಿಸಿದಾಗ ಒಳಗಿನ ಜನರೇಟರಿನಿಂದ ಬರುವ ಕರೆಂಟು, ಅದು ಮುಳ್ಳನ್ನು ಇನ್ಫಿನಿಟಿ ಕಡೆಗೆ ಎಳೆಯುತ್ತದೆ. ಇನ್ನೊಂದರಲ್ಲಿ ನಾವು ಟೆಸ್ಟ್ ಮಾಡುವ ವಸ್ತುವಿನ ಮೂಲಕ ಹರಿಯುವ ಕರೆಂಟು, ಅದು ಸೊನ್ನೆ ಕಡೆಗೆ. ಎರಡರ ಜಗ್ಗಾಟ ಸಮವಾದಲ್ಲಿ ಮುಳ್ಳು ನಿಲ್ಲುತ್ತದೆ. ಹಿಡಿ ತಿರುಗದಿದ್ದರೆ ಎಳೆಯುವವರೇ ಇಲ್ಲ, ಅದಕ್ಕೇ ಆ ಅಲೆದಾಟ. ನಾನು ಸ್ಪ್ರಿಂಗ್ ಹಾಕಿದ್ದರೆ ಒಳ್ಳೇ ಮೀಟರನ್ನು ಕೈಯಾರೆ ಕೆಡಿಸಿರುತ್ತಿದ್ದೆ.

ನಿಜವಾದ ದೋಷ ಬೇರೆ ಇತ್ತು. ತಿರುಗಿಸುವಾಗ ಮುಳ್ಳು ನಡುಗುತ್ತಿತ್ತು. ಜನರೇಟರಿನ ಕಮ್ಯುಟೇಟರ್ ಮೇಲೆ, ಅಂದರೆ ಕರೆಂಟನ್ನು ಹೊರಗೆ ಕೊಡುವ ತಾಮ್ರದ ಪಟ್ಟಿಗಳ ಮೇಲೆ, ಕಾರ್ಬನ್ ಪುಡಿ ಕಟ್ಟಿಕೊಂಡಿತ್ತು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಪಟ್ಟಿಗಳ ನಡುವಿನ ಸಂದನ್ನು ಬಿದಿರಿನ ಕಡ್ಡಿಯಿಂದ ಕೆರೆದೆ. ಎಮರಿ ಪೇಪರ್ ಮುಟ್ಟಿಸಲಿಲ್ಲ. ಆಯಸ್ಕಾಂತವನ್ನು ಬಿಚ್ಚುವ ಗೋಜಿಗೂ ಹೋಗಲಿಲ್ಲ, ಬಿಚ್ಚಿದರೆ ಹಳೇ ಆಯಸ್ಕಾಂತದ ಶಕ್ತಿ ಕುಂದುತ್ತದೆ. ಗೇರಿನ ಗ್ರೀಸು ಮೇಣದ ಹಾಗೆ ಗಟ್ಟಿಯಾಗಿತ್ತು. ಪೆಟ್ರೋಲಿನಲ್ಲಿ ತೊಳೆದು ಹೊಸದು ಹಚ್ಚಿದೆ.

ಇಲ್ಲೊಂದು ಎಡವಟ್ಟು ಮಾಡಿಕೊಂಡೆ. ಗೇರಿನ ಜೊತೆಗೆ ಕ್ಲಚ್ಚಿಗೂ ಎಣ್ಣೆ ಬಿಟ್ಟೆ! ವೇಗ ಜಾಸ್ತಿಯಾದಾಗ ಮಾತ್ರ ಜಾರಬೇಕಾದ ಕ್ಲಚ್ ಅದು, ಈಗ ನಿಧಾನಕ್ಕೆ ತಿರುಗಿಸಿದರೂ ಜಾರತೊಡಗಿತು. ತಮಾಷೆ ಅಂದರೆ ಮುಳ್ಳು ಆಗಲೂ ಸರಿಯಾಗೇ ತೋರಿಸುತ್ತಿತ್ತು. ವೋಲ್ಟೇಜ್ ಇಳಿದರೆ ಎರಡೂ ಕಾಯಿಲ್‌ಗಳ ಬಲ ಒಟ್ಟಿಗೇ ಇಳಿಯುತ್ತದಲ್ವಾ? ಮಲ್ಟಿಮೀಟರನ್ನು 1000 ವೋಲ್ಟ್ ರೇಂಜಿಗಿಟ್ಟು ನೋಡಿದೆ, ಬರೀ 310. ಅಷ್ಟು ಕಡಿಮೆ ವೋಲ್ಟಿನಲ್ಲಿ ಟೆಸ್ಟ್ ಮಾಡಿದರೆ ಸೋರುವ ವೈಂಡಿಂಗ್ ಕೂಡ ಪಾಸಾಗಿಬಿಡಬಹುದು. ಕ್ಲಚ್ ಮತ್ತೆ ತೊಳೆದು ಒಣಗಿಸಿದ ಮೇಲೆ 490 ಬಂತು. ಆ ಹೊತ್ತಿಗೆ ಮೆಗ್ಗರಿನ ಮುಳ್ಳು 10 ಮೆಗಾ ಓಮ್ ಹತ್ತಿರ ನಿಂತಿತ್ತು. ಅದು ನನ್ನ ಮಲ್ಟಿಮೀಟರಿನದೇ ರೆಸಿಸ್ಟೆನ್ಸ್! ಪುಕ್ಕಟೆಯಾಗಿ ಒಂದು ಚೆಕ್ ಸಿಕ್ಕ ಹಾಗಾಯಿತು.

ಉಳಿದ ಅಂಕಿಗಳಿಗೆ 1 ಮೆಗಾ ಓಮ್‌ನ 10 ರೆಸಿಸ್ಟರ್‌ಗಳನ್ನು ಸಾಲಾಗಿ ಬೆಸೆದುಕೊಂಡೆ. ಕಾಲು ವ್ಯಾಟಿನ ಸಾಮಾನ್ಯ ರೆಸಿಸ್ಟರ್ ಒಂದೇ 500 ವೋಲ್ಟ್ ತಡೆಯುವುದಿಲ್ಲ, ಅದಕ್ಕೆ ಪರೀಕ್ಷೆಯನ್ನು 2ರಿಂದ ಶುರು ಮಾಡಿದೆ. 2, 5, 10 ಎಲ್ಲವೂ ಸರಿ ಬಂದವು.

ಆದರೆ ಏನೂ ಜೋಡಿಸದೆ ತಿರುಗಿಸಿದರೆ ಮುಳ್ಳು ಇನ್ಫಿನಿಟಿಗೆ ಹೋಗದೆ 50ಕ್ಕೇ ನಿಲ್ಲುತ್ತಿತ್ತು. ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ನೋಡಿದರೆ ಟರ್ಮಿನಲ್‌ಗಳ ನಡುವಿನ ಬೇಕಲೈಟ್ ಮೇಲೆ ಜಿಡ್ಡು, ಮಳೆಗಾಲದ ಥಂಡಿ ಬೇರೆ. ಒರೆಸಿ ಎರಡು ದಿನ ಬಿಸಿಲಿಗಿಟ್ಟೆ. ಹಿಡಿ ತಿರುಗಿಸಿದ ತಕ್ಷಣ ಮುಳ್ಳು ಮಲಗಿದ 8ರ ಮೇಲೆ ಹೋಗಿ ಕೂತಿತು.

ಮರುದಿನ ಬಂದ 5 ಎಚ್‌ಪಿ ಪಂಪಿನ ಮೋಟಾರಿಗೆ ಇದನ್ನೇ ಹಾಕಿದೆ. ಮುಳ್ಳು ನೇರ ಸೊನ್ನೆಗೆ, ಅಂದರೆ ವೈಂಡಿಂಗಿನ ಇನ್ಸುಲೇಶನ್ ಹೋಗಿದೆ. ಪಂಪು ತಂದ ಅಣ್ಣ ಮಾತ್ರ ನನ್ನನ್ನು ನಂಬಲಿಲ್ಲ. "ಆ ಹಳೇ ಡಬ್ಬ ಬೇಡ, ಹೊಸದರಲ್ಲಿ ಇನ್ನೊಂದ್ಸಲ ನೋಡಪ್ಪಾ" ಅಂದರು. ನೋಡಿದೆ. ಅದೂ ಸೊನ್ನೆ.